ಯಾರೂ ಮುಟ್ಟದ ಪುಸ್ತಕಗಳು

ದುಡ್ಡು ಕದ್ದರೆ ಕಳ್ಳತನ, ಓದು ಕದ್ದರೆ ಏನು? ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ನಿನ ತುದಿ ಕಚ್ಚಿದಳು. ಆರು ವರ್ಷದಲ್ಲಿ ಊರ ಗ್ರಂಥಾಲಯದ ನೂರೆಂಬತ್ತು ಪುಸ್ತಕ ಓದಿದ್ದಳು. ಒಂದನ್ನೂ ತನ್ನ ಹೆಸರಿಗೆ ಬರೆಸಿಕೊಂಡಿರಲಿಲ್ಲ.

ಹಾಗೆಂದು ಯಾವುದನ್ನೂ ಮನೆಗೆ ಹೊತ್ತು ತಂದವಳಲ್ಲ. ಕಪಾಟುಗಳ ನಡುವಿನ ಸಂದಿಯಲ್ಲಿ ನಿಂತು, ಕಾಲು ಸೋತಾಗ ಸ್ಟೂಲಿನ ಮೇಲೆ ಮುದುರಿ ಕೂತು ಓದಿ, ನಿಲ್ಲಿಸಿದ ಪುಟ ಗುರುತು ಮಾಡಿಕೊಂಡು, ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು ಬರುವವಳು. "ಓದಿದ್ದೆಲ್ಲಾ ಮೈಗೆ ಹತ್ತಿದ್ರೆ ನೀನು ಇಷ್ಟೊತ್ತಿಗೆ ಆನೆಮರಿ ಆಗಿರ್ತಿದ್ದೆ ಬಿಡು," ಎಂದು ಅಕ್ಕ ಗೇಲಿ ಮಾಡುವಳು. "ಒಂದಾದ್ರೂ ಮನೆಗೆ ತಾರೇ, ನಾನೂ ನೋಡ್ತೀನಿ."

ತರುವುದೆಂದರೆ ಕೌಂಟರಿಗೆ ಹೋಗಬೇಕು. ಕೌಂಟರಿನಲ್ಲಿ ಮೈಕಪ್ಪ ಕೂತಿರುತ್ತಾನೆ. ಮೈಕಿನಂಥ ಗಂಟಲಿನ ಗುಮಾಸ್ತನಿಗೆ ಊರಿಟ್ಟ ಹೆಸರು ಅದು. ಕೈಗೆ ಬಂದ ಪುಸ್ತಕದ ಹೆಸರನ್ನು ಸಾಲಿಗೆಲ್ಲ ಕೇಳುವ ಹಾಗೆ ಓದಿ, ಮೇಲೊಂದು ಒಗ್ಗರಣೆ ಹಾಕದೆ ಅವನು ತಾರೀಕಿನ ಮುದ್ರೆ ಒತ್ತಿದವನಲ್ಲ. ಹದಿನೇಳರಲ್ಲಿ ಅವಳು ಹೆಣ್ಣಿನ ದೇಹದ ಬಗ್ಗೆ ವೈದ್ಯೆಯೊಬ್ಬಳು ಬರೆದ ಪುಸ್ತಕ ಹಿಡಿದು ಹೋಗಿದ್ದಳು. ಮೈಕಪ್ಪ ಹೆಸರನ್ನು ಎರಡು ಸಲ ಓದಿದ. "ಯಾಕಮ್ಮಾ, ಮನೇಲಿ ಅಮ್ಮ ಇಲ್ವಾ ಹೇಳಿಕೊಡೋಕೆ? ಅಥವಾ ನೀನೇ ಅಮ್ಮಂಗೆ ಹೇಳಿಕೊಡಬೇಕು ಅಂತಾನಾ?" ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪುಸ್ತಕ ಅಲ್ಲೇ ಬಿಟ್ಟು ಹೊರಗೆ ಬಂದವಳು ಎರಡು ತಿಂಗಳು ಆ ಬೀದಿಗೇ ಕಾಲಿಡಲಿಲ್ಲ. ಆಮೇಲೆ ಬಂದಳು, ಕೌಂಟರಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಸಂದಿಯಲ್ಲಿ ಅವಳನ್ನು ಕೇಳುವವರಿರಲಿಲ್ಲ. ಮೊದಲು ಸಿಕ್ಕಿದ್ದು ಹಿಂದುಮುಂದಿನ ರಟ್ಟು ಹೋದ ಪತ್ತೇದಾರಿ ಕಾದಂಬರಿ. ಅದರಲ್ಲಿ ಮುದುಕನೊಬ್ಬ ವಿಷದಿಂದ ಸತ್ತ. ಅಂಥ ವಿಷ ನಿಜವಾಗಿಯೂ ಇದೆಯೇ ಎಂಬ ಅನುಮಾನ ಅವಳನ್ನು ವಿಜ್ಞಾನದ ಕಪಾಟಿಗೆ ಎಳೆಯಿತು. ವಿಷದ ಪುಸ್ತಕ ಬೇರುಗಳ ಪುಸ್ತಕಕ್ಕೆ ದಾಟಿಸಿತು, ಬೇರುಗಳು ಗಿಡ ಹುಡುಕಿಕೊಂಡು ಸಮುದ್ರ ದಾಟಿದವನ ಪ್ರವಾಸಕ್ಕೆ. ಹಡಗಿನ ಅಡುಗೆಯವನ ಆತ್ಮಕಥೆ ಓದಿದ ವಾರ ಅವಳಿಗೆ ನೆಲವೇ ಓಲಾಡುತ್ತಿತ್ತು. ಅಲ್ಲಿಂದ ಉಪ್ಪಿನ ಚರಿತ್ರೆ, ಉಪ್ಪಿನ ಗಣಿಯಲ್ಲಿ ನಡೆಯುವ ಪ್ರೇಮದ ಕಾದಂಬರಿ (ಮೊದಲ ಅರ್ಧ ಬೋರು, ಕೊನೆಗೆ ಮೂಗು ಒರೆಸಿಕೊಂಡಿದ್ದಳು), ಜನರೆಲ್ಲ ನೆಲದಡಿಗೆ ಹೋಗಿ ಬದುಕುವ ಮುಂದಿನ ಕಾಲದ ಕತೆ. ಯಾರೂ ದಾರಿ ತೋರಿಸಿರಲಿಲ್ಲ. ಒಂದು ಪುಸ್ತಕ ಇನ್ನೊಂದರ ಬಾಗಿಲು ತಟ್ಟುತ್ತಿತ್ತು, ಅಷ್ಟೆ.

ಪದವಿ ಮುಗಿಸಿ ಮೂರು ವಾರದ ಹಿಂದೆ ಅದೇ ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಹಿಂದಿನ ಕೋಣೆ, ಒಂದು ಮೇಜು, ಒಂದು ಮುದ್ರೆ. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಐದು ವರ್ಷದಿಂದ ತಾರೀಕು ಬಿದ್ದಿಲ್ಲವಾದರೆ 'ರದ್ದು' ಎಂದು ಒತ್ತಿ ರಟ್ಟಿನ ಪೆಟ್ಟಿಗೆಗೆ ಹಾಕುವುದು. ಪೆಟ್ಟಿಗೆ ಕಾಗದದ ಕಾರ್ಖಾನೆಗೆ. ಹಳೆಯ ಪರೀಕ್ಷೆಯ ಗೈಡುಗಳನ್ನು ಅವಳು ಖುಷಿಯಿಂದಲೇ ಸಾಗಹಾಕಿದ್ದಳು.

ಇವತ್ತು ಮಧ್ಯಾಹ್ನ ಮೈಕಪ್ಪ ಗಾಡಿ ತಳ್ಳಿಕೊಂಡು ಬಂದ. ಮೇಲುಗಡೆಯೇ ವಿಷದ ಪುಸ್ತಕ. ಅದರ ಕೆಳಗೆ ಬೇರು, ಅದರ ಕೆಳಗೆ ಹಡಗಿನ ಅಡುಗೆಯವ. ಅವಳು ಒಂದೊಂದರ ಬೆನ್ನು ತಿರುಗಿಸಿ ನೋಡಿದಳು. ಚೀಟಿಗಳು ಬೆಳ್ಳಗೆ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ.

"ಬೇಗ ಒತ್ತು ತಾಯಿ, ನಾಲ್ಕಕ್ಕೆ ಲಾರಿ ಬರುತ್ತೆ. ಒಂದು ನರಪಿಳ್ಳೆನೂ ಮುಟ್ಟಿಲ್ಲ ಇವನ್ನ. ಜನಕ್ಕೆ ಓದೋ ಚಟ ಎಲ್ಲಿದೆ ಈಗ," ಎಂದು ಹೇಳಿ ಅವನು ಹೋದ.

ಅವಳ ಕಿವಿ ಕಾದವು. ಚಟ ಇಲ್ಲವಂತೆ. ಆರು ವರ್ಷ ನಿಂತು ನಿಂತು ಹಿಮ್ಮಡಿ ಒಡೆದುಕೊಂಡವಳಿಗೆ ಹೇಳುತ್ತಾನೆ. ಮೇಜಿನ ಖಾನೆಯಲ್ಲಿ ಹಳೆಯ ತಾರೀಕಿನ ಮುದ್ರೆಯೊಂದಿತ್ತು. ಚಕ್ರವನ್ನು ಉಗುರಿನಿಂದ ಹಿಂದಕ್ಕೆ ತಿರುಗಿಸಿ, ಹೋದ ವರ್ಷದ ಯಾವುದೋ ದಿನ ಹಿಡಿದು, ವಿಷದ ಪುಸ್ತಕದ ಚೀಟಿಗೆ ಒತ್ತಿದಳು. ಬೇರಿನದಕ್ಕೂ ಒತ್ತಿದಳು. ಇನ್ನು ಇವು ಉಳಿದವು, ಯಾರಿಗೂ ಏನೂ ಹೇಳಬೇಕಿಲ್ಲ.

ಮೂರನೆಯದಕ್ಕೆ ಕೈ ಏಳಲಿಲ್ಲ. ಒತ್ತಿದ ತಾರೀಕು ನೋಡಿದಷ್ಟೂ ಮೈ ಉರಿಯಿತು. ಮತ್ತೆ ಅದೇ ಸಂದಿ, ಅದೇ ಬಚ್ಚಿಟ್ಟುಕೊಳ್ಳುವುದು. ಓದಿದ್ದು ತಾನು, ಚೀಟಿಯ ಮೇಲೆ ಬಿದ್ದಿದ್ದು ಇಲ್ಲದ ಯಾರದೋ ಸುಳ್ಳು ತಾರೀಕು. ಬಾಯಿ ಬಿಡಲಾರದೆ ಇವನ್ನು ಪೆಟ್ಟಿಗೆಯ ಬಾಯಿಗೆ ತಂದು ನಿಲ್ಲಿಸಿದವರಲ್ಲಿ ತಾನೂ ಒಬ್ಬಳು ಎಂದು ಹೊಳೆದಾಗ ಸಿಟ್ಟು ಅವನ ಮೇಲಿನದೋ ತನ್ನ ಮೇಲಿನದೋ ತಿಳಿಯದಾಯಿತು.

ಮೂರೂವರೆಗೆ ಗ್ರಂಥಪಾಲಕಿ ಪಟ್ಟಿಗೆ ಸಹಿ ಹಾಕಲು ಬಂದರು, ಹಿಂದೆ ಮೈಕಪ್ಪ. ಕನ್ನಡಕ ಏರಿಸಿ ವಿಷದ ಪುಸ್ತಕದ ಚೀಟಿ ನೋಡಿದರು.

"ತಾರೀಕು ಹೋದ ವರ್ಷದ್ದು, ಶಾಯಿ ಇನ್ನೂ ಹೊಸದಿದೆಯಲ್ಲ. ಇದೇನಿದು?"

"ನಾನೇ ಒತ್ತಿದೆ ಮೇಡಂ."

ಮೈಕಪ್ಪ ನಕ್ಕ. "ನೋಡಿ, ಬಾಯಲ್ಲಿ ಬೆರಳಿಟ್ರೆ ಕಚ್ಚೋಕೆ ಬರಲ್ಲ ಅಂದ್ಕೊಂಡಿದ್ದೆ. ಯಾರಿಗಮ್ಮಾ ವಿಷ ಹಾಕೋ ಪ್ಲ್ಯಾನು? ಅತ್ತೆ ಇನ್ನೂ ಸಿಕ್ಕಿಲ್ಲ ಅಲ್ವಾ ನಿಂಗೆ?"

"ಸುಮ್ನಿರಿ ಸ್ವಲ್ಪ," ಎಂದರು ಗ್ರಂಥಪಾಲಕಿ. ಆಮೇಲೆ ಅವಳ ಕಡೆ ತಿರುಗಿದರು. "ಸುಳ್ಳು ತಾರೀಕು ಹಾಕಿದ್ದಕ್ಕೆ ನಿನ್ನ ಕೆಲಸ ಹೋಗಬಹುದು, ಗೊತ್ತಾ? ಯಾರೂ ಓದದೇ ಇರೋ ಪುಸ್ತಕಕ್ಕೆ ಯಾಕೆ ಇಷ್ಟು ಕಷ್ಟ?"

ಅವಳು ಮುದ್ರೆಯನ್ನು ಮೇಜಿನ ಮೇಲಿಟ್ಟಳು. ಮೇಡಂ ಮುಖ ನೋಡಿದ್ದರೆ ಸುಲಭವಿತ್ತು. ಅವಳು ಮೈಕಪ್ಪನ ಮುಖವನ್ನೇ ನೋಡಿದಳು, ಆರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ.

"ಈ ಗಾಡೀಲಿರೋ ಎಲ್ಲಾನೂ ನಾನು ಓದಿದ್ದೀನಿ," ಎಂದಳು. ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಚೀಟಿ ಖಾಲಿ ಇರೋದು ಯಾರೂ ಮುಟ್ಟಿಲ್ಲ ಅಂತ ಅಲ್ಲ. ನೀವು ನಗ್ತೀರಿ ಅಂತ."