ಸಲಾಮಾ, ಆದರೆ...

"ಅವ್ವ ಇವತ್ತು ಏನು ತಿಂತಾಳೆ?"

ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಮನೆಗೆಲಸದ ನ್ಯಾಬೋಲ್ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಗಡಿಯಾಚೆಯ ತನ್ನ ದೇಶ ದಕ್ಷಿಣ ಸುಡಾನಿನಿಂದ ತಂಗಿ ಫೋನು ಮಾಡಿದ್ದಳು. ಅವ್ವ, ತಂಗಿ ಇರುವ ನಿರಾಶ್ರಿತರ ಶಿಬಿರದಲ್ಲಿ ಜೋಳ ಹಂಚುವುದು ನಿಂತಿದೆ. ನಿಮ್ಮೂರಲ್ಲಿ ಶಾಂತಿ ನೆಲೆಸಿದೆ, ನಡೀರಿ, ಅನ್ನುತ್ತಿದ್ದಾರೆ. ಎಲ್ಲಿಯ ಶಾಂತಿ? ಅವರ ಮನೆಯಲ್ಲಿ ಬಂದೂಕಿನವರು ಒಲೆ ಹೂಡಿದ್ದಾರೆ. ಮನೆ ನೋಡಿಬರಲು ಹಿಂದೊಮ್ಮೆ ಹೋಗಿದ್ದ ಚಿಕ್ಕಪ್ಪ ಹೆಣವಾಗಿ ನದಿಯಲ್ಲಿ ತೇಲಿದ್ದ. ಈಗ ಅವ್ವ ನೈದಿಲೆಯ ಗಡ್ಡೆ ಅಗೆಯುತ್ತಾಳೆ. ಕಾವ್ಯದಲ್ಲಿ ಹೆಣ್ಣಿನ ಕಣ್ಣಿಗೆ ಹೋಲಿಸುವ ನೈದಿಲೆ. ಹಸಿದವರಿಗೆ ಅದು ಬೇಯಿಸುವ ಗಡ್ಡೆ.

ಒಳಗಿನಿಂದ ಅವಳದೇ ದನಿ ಕೇಳಿಸಿತು. "ಸಲಾಮಾ, ಸಾರ್."

ಒದ್ದೆಗೈಯಲ್ಲೇ ನಡುಮನೆಗೆ ಬಂದಳು. ಊಟದ ಮೇಜಿನ ಮೇಲೆ ಯಜಮಾನ ಯಶವಂತನ ಲ್ಯಾಪ್‌ಟಾಪ್. ಅಪ್ಪರ್ ಹಿಲ್ಲಿನ ಅವನ ಆಫೀಸು ಯಾವ ದೇಶದಲ್ಲಿ ಎಷ್ಟು ಭದ್ರತೆಯಿದೆ ಎಂದು ವರದಿ ಬರೆದು ದಾನಿಗಳಿಗೂ ಎಣ್ಣೆ ಕಂಪನಿಗಳಿಗೂ ಮಾರುತ್ತದೆ. ಪರದೆಯ ಮೇಲೆ ಸೌಟು ಹಿಡಿದು ನಗುವ ನ್ಯಾಬೋಲ್, ಹಿಂದೆ ಅಡುಗೆಮನೆಯಲ್ಲಿ ಅವನೇ ತೆಗೆದ ವಿಡಿಯೋ. ಕೆಳಗೆ ಇಂಗ್ಲಿಷಿನ ಒಂದು ಸಾಲು.

"ಏನು ಬರೆದಿದೆ, ಅಮ್ಮಾ?" ಈ ಮನೆಯ ಒಗ್ಗರಣೆಯ ಜೊತೆಗೇ ಕನ್ನಡವನ್ನೂ ಕಲಿತವಳು ಅವಳು.

ನಿರುಪಮಾ ಗಂಡನ ಮುಖ ನೋಡಿ ಓದಿದಳು. "'ನಮ್ಮೂರಲ್ಲಿ ಈಗ ಶಾಂತಿಯಿದೆ.' ನೀನು ಹೇಳ್ದೆ ಅಂತ ಹಾಕಿದಾರೆ ಕಣೇ."

"ನಾನಾ? ಶಾಂತಿ ಇದೆ ಅಂತ್ಲೇ ಕ್ಯಾಂಪಲ್ಲಿ ಅವ್ವನ ಜೋಳ ನಿಲ್ಸಿದಾರೆ! ಸಾರ್ 'ಊರಲ್ಲಿ ಸಲಾಮಾ?' ಅಂದ್ರು. ನಾನೂ ಸಲಾಮಾ ಅಂದೆ. ಅದು ನಮಸ್ಕಾರ, ಸಾರ್!"

"ಡಿಕ್ಷನರಿ ನೋಡಿದೀನಮ್ಮಾ. ಸಲಾಮಾ ಅಂದ್ರೆ ಪೀಸ್."

ಅವಳ ಊರ ಕಡೆ ಮನೆಯಲ್ಲಿ ಹೆಣವಿದ್ದರೂ ಸಲಾಮಾ ಎಂದವರಿಗೆ ಮೊದಲು ಸಲಾಮಾ ಎನ್ನಬೇಕು. ಸಾವಿನ ಸುದ್ದಿ ಆಮೇಲೆ. ಇಲ್ಲದಿದ್ದರೆ ಬಂದವರಿಗೆ ಕೇಡು ಬಯಸಿದ ಹಾಗೆ.

"ಆಮೇಲೆ 'ಆದ್ರೆ' ಅಂದೆನಲ್ಲ ಸಾರ್? ಚಿಕ್ಕಪ್ಪನ ವಿಷಯ ಎಲ್ಲಾ ಹೇಳಿದೆ. ಅದೆಲ್ಲಿ?"

"ವಿಡಿಯೋ ಉದ್ದ ಆಯ್ತು. ಕಟ್ ಮಾಡಿದ್ರು."

"ನಿಮ್ಮಪ್ಪ ಐಸಿಯುನಲ್ಲಿದ್ದಾಗ ನೀವೂ ಫೋನಲ್ಲಿ ಎಲ್ಲರಿಗೂ 'ಚೆನ್ನಾಗಿದೀವಿ' ಅಂತಿದ್ರಲ್ರೀ," ಎಂದಳು ನಿರುಪಮಾ.

"ನಿರು, ಸುಮ್ನಿರ್ತೀಯಾ? ಇವಳೊಬ್ಬಳ ಮಾತಿಗೆ ಯಾರೂ ಕ್ಯಾಂಪಿಗೆ ರೇಷನ್ ನಿಲ್ಸಲ್ಲ. ಇನ್ನೂ ಎಷ್ಟೋ ಜನ ಹೇಳಿದಾರೆ."

"ಅವರೂ ನಮಸ್ಕಾರವೇ ಹೇಳಿರ್ತಾರೆ, ಸಾರ್."

ಲ್ಯಾಪ್‌ಟಾಪ್ ಕರೆಯತೊಡಗಿತು. ದಾನಿಗಳು. ಅವರಿಗೆ ಈ ಹೆಂಗಸನ್ನೇ ನೋಡಬೇಕಂತೆ. ಯಶವಂತ ಕುರ್ಚಿ ಎಳೆದಿಟ್ಟ. ದನಿ ಬೆಣ್ಣೆಯಾಯಿತು.

"ಇಷ್ಟು ವರ್ಷ ಮನೆಯವಳ ಹಾಗೆ ನೋಡ್ಕೊಂಡಿದೀವಿ. ನೀನು ಈ ದೇಶದಲ್ಲಿರೋ ಪರ್ಮಿಟ್ಟಿಗೆ ಸಹಿ ಹಾಕೋನೂ ನಾನೇ, ನೆನಪಿರಲಿ. ಜಾಸ್ತಿ ಏನೂ ಬೇಡ. ನಾನು ಕೇಳ್ತೀನಿ, ನೀನು ಒಂದೇ ಮಾತು ಹೇಳು."

ಪರದೆಯ ತುಂಬ ಮುಖಗಳು ಮೂಡಿದವು. ಯಶವಂತ ಹಲ್ಲು ಬಿಟ್ಟು ತಿರುಗಿದ.

"ಸಲಾಮಾ, ನ್ಯಾಬೋಲ್?"

ಹುಟ್ಟಿದಾಗಿನಿಂದ ಯಾರ ನಮಸ್ಕಾರವನ್ನೂ ಅವಳು ಬರಿಗೈಯಲ್ಲಿ ಕಳಿಸಿರಲಿಲ್ಲ. ಕೈಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕುರ್ಚಿಯಲ್ಲಿ ಅವಳು ಕೂರಲಿಲ್ಲ.

"ಹೇಳೋದಿಲ್ಲ, ಸಾರ್."