ಪಿಟೀಲಿನ ಮೇಲಿನ ಆರೋಪ

ಹಲ್ಲಿನ ಡಾಕ್ಟರಿಗೆ ಅಕ್ಕನೆಂದರೆ ಪ್ರೀತಿ, ಭಯ ಎರಡೂ ಇದ್ದವು. ಭಯ ತುಸು ಹೆಚ್ಚು. ಮೂವತ್ತು ವರ್ಷದ ಹಿಂದೆ ಹಾಡಿನ ಸ್ಪರ್ಧೆಯೊಂದರಲ್ಲಿ ಅಕ್ಕನಿಗೆ ಬರಬೇಕಿದ್ದ ಬಹುಮಾನ ಒಂದೇ ಒಂದು ಅಪಸ್ವರದಿಂದ ಕೈತಪ್ಪಿತ್ತು. ತಪ್ಪು, ಪಕ್ಕದಲ್ಲಿ ಪಿಟೀಲು ನುಡಿಸುತ್ತಿದ್ದ ಭಾವನದು ಎಂದು ಅಕ್ಕ ಅಂದೇ ತೀರ್ಪು ಕೊಟ್ಟಳು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಭಾವ ತುಟಿಪಿಟಕ್ಕೆನ್ನದೆ ಪಿಟೀಲನ್ನು ಅಟ್ಟಕ್ಕೆ ಹಾಕಿಬಿಟ್ಟರು. ಡಾಕ್ಟರಿಗೆ ಚಿಕ್ಕಂದಿನಲ್ಲಿ ಸಂಗೀತದ ಹುಚ್ಚು ಹಿಡಿಸಿದ್ದೇ ಆ ಪಿಟೀಲು. ಅದನ್ನು ಹೇಗಾದರೂ ಕೆಳಗಿಳಿಸಬೇಕೆಂಬುದು ಅವರ ಬಹುದಿನದ ಆಸೆ.

ಆ ಸ್ಪರ್ಧೆಯ ರೆಕಾರ್ಡಿಂಗ್ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿತ್ತು. ಕೇಳಿದರೆ ಎಲ್ಲ ಕಲಸುಮೇಲೋಗರ. ಜಾರಿದ್ದು ದನಿಯೋ ಪಿಟೀಲೋ ಬ್ರಹ್ಮನಿಗೂ ತಿಳಿಯದು. ಡಾಕ್ಟರು ಹಟ ಹಿಡಿದರು. ಜಾಗ ಉಳಿಸಲೆಂದು ದನಿಯನ್ನು ಕುಗ್ಗಿಸಿಟ್ಟಿದ್ದ ಆ ಫೈಲನ್ನು ಬಿಸಾಕಿ, ಸ್ಪರ್ಧೆ ನಡೆಸಿದವರನ್ನು ಕಾಡಿ ಬೇಡಿ ಮೂಲ ಪ್ರತಿ ತಂದರು. ಕಂಪ್ಯೂಟರು ಕೇಳದೆಯೇ ಸೇರಿಸುತ್ತಿದ್ದ ‘ಥಿಯೇಟರ್ ಎಫೆಕ್ಟ್’ ಎಂಬ ಮಾರ್ದನಿಯ ಅಧಿಕಪ್ರಸಂಗವನ್ನು ಆಫ್ ಮಾಡಿದರು. ಕಂಪ್ಯೂಟರಿನ ಒಳಗಿನ ಗುಂಯ್‌ಗುಡುವಿಕೆ ಹಾಡಿಗೆ ಹತ್ತದಂತೆ, ದನಿ ಹೊರಡಿಸುವ ಕೆಲಸವನ್ನು ಹೊರಗಿನದೊಂದು ಪುಟ್ಟ ಪೆಟ್ಟಿಗೆಗೆ ವಹಿಸಿದರು. ಗೋಡೆಗೆ ಒರಗಿದ್ದ ಸ್ಪೀಕರುಗಳನ್ನು ಮುಂದೆಳೆದು, ಕುರ್ಚಿಯಲ್ಲಿ ಮಲಗಿದವರ ಕಿವಿಯ ಎತ್ತರಕ್ಕೆ ನಿಲ್ಲಿಸಿದರು. ಅಷ್ಟೂ ದಿನ ಊರವರ ಹಲ್ಲು ಕಾದವು.

ಒಂದು ಮಧ್ಯಾಹ್ನ ಹಾಕಿ ಕೇಳಿದರೆ, ಪಿಟೀಲು ಗೆರೆ ಎಳೆದ ಹಾಗೆ ನೇರ. ಜಾರಿದ್ದು ಅಕ್ಕನ ಗಂಟಲು.

ಸತ್ಯವೇನೋ ಸಿಕ್ಕಿತು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಕ್ಕನ ಬಾಯಿಯ ಮುಂದೆ ಗೆದ್ದವರಿಲ್ಲ. ಅಷ್ಟರಲ್ಲಿ ಅವಳ ದವಡೆಹಲ್ಲೇ ಅವಳಿಗೆ ಕೈಕೊಟ್ಟಿತು. ಅವಳನ್ನು ಕುರ್ಚಿಯಲ್ಲಿ ಮಲಗಿಸಿ, ಇಂಜೆಕ್ಷನ್ ಚುಚ್ಚಿ, ಬಾಯ್ತುಂಬ ಹತ್ತಿ ತುರುಕಿ, ಮರಗಟ್ಟುವವರೆಗೆ ಕಾದು, ಡಾಕ್ಟರು ಹಾಡು ಹಾಕಿದರು. ಭಾವ ಅಕ್ಕನ ಕೈಚೀಲ ಹಿಡಿದು ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು.

ಅಪಸ್ವರದ ಆ ಜಾಗ ಬಂತು. ಭಾವ ಜೋರಾಗಿ ಕೆಮ್ಮಿದರು.

“ನೀರು ಕುಡೀರಿ ಭಾವ,” ಎಂದು ಡಾಕ್ಟರು ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದರು. ಅದೇ ಜಾಗ, ಅದೇ ಕೆಮ್ಮು, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

“ಸಾಕು ಬಿಡೋ, ಹಳೇ ಹಾಡು. ಮೊದಲು ಹಲ್ಲು ನೋಡು,” ಎಂದರು ಭಾವ.

ಡಾಕ್ಟರಿಗೆ ನಾಚಿಕೆಯಾಯಿತು. ಈ ಮನುಷ್ಯನಿಗೆ ಮೊದಲಿಂದಲೂ ಗೊತ್ತು. ಇವರಿಗೆ ಹೊಸ ಪೆಟ್ಟಿಗೆಯೂ ಬೇಕಿರಲಿಲ್ಲ, ಸ್ಪೀಕರೂ ಬೇಕಿರಲಿಲ್ಲ. ಅಂದು ಪಕ್ಕದಲ್ಲೇ ಕೂತು ಕೇಳಿದವರು.

ಅಕ್ಕನ ಕಿವಿಯೇನೂ ಕಡಿಮೆಯದಲ್ಲ. ಎರಡು ಸಲ ಒಂದೇ ಕಡೆ ಬರುವ ಕೆಮ್ಮು ಎಂಥದೆಂದು ಅವಳಿಗೆ ಹೊಳೆಯಿತು. ಭಾವನನ್ನು ಕೈಬೀಸಿ ಹತ್ತಿರ ಕರೆದು, ಅಂಗೈಯಿಂದ ಅವರ ಬಾಯಿ ಮುಚ್ಚಿ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮನಿಗೆ ಸನ್ನೆ ಮಾಡಿದಳು: ಹಾಕು.

ಕೇಳಿದಳು. ಕಣ್ಣು ತುಂಬಿ ಕಿವಿಯ ಕಡೆಗೆ ಹರಿಯಿತು. ಹತ್ತಿಯ ಸಂದಿಯಿಂದಲೇ ಗಂಡನಿಗೆ ಏನೋ ಉದ್ದಕ್ಕೆ ಹೇಳಿದಳು. ಡಾಕ್ಟರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ.

“ಏನಂತೆ ಭಾವ?” ಡಾಕ್ಟರು ಕೇಳಿದರು.

“ಏನಿಲ್ಲಪ್ಪ. ಹಲ್ಲು ತುಂಬಾ ನೋಯ್ತಿದೆಯಂತೆ.”

ಇಂಜೆಕ್ಷನ್ ಕೊಟ್ಟು ಇಪ್ಪತ್ತು ನಿಮಿಷವಾಗಿತ್ತು. ಆ ದವಡೆಯನ್ನು ಸುತ್ತಿಗೆಯಿಂದ ಕುಟ್ಟಿದ್ದರೂ ನೋವು ಗೊತ್ತಾಗುವಂತಿರಲಿಲ್ಲ.

“ಹೌದು ಭಾವ, ನೋಯುತ್ತೆ,” ಎಂದರು ಡಾಕ್ಟರು.