ಮೇಲೆ ಕ್ಲಿಯರ್, ಕೆಳಗೆ ಕ್ಲಿಯರ್

ನಾನು ಒಂದು ಸಲ ಕೆಮ್ಮಿದರೆ ಸಾಕು, ಊರಿನ ಅಷ್ಟೂ ಲಿಫ್ಟುಗಳು ಇದ್ದಲ್ಲೇ ನಿಂತು, ಬಾಗಿಲು ತೆರೆದು, ನನ್ನ ಅಪ್ಪಣೆಗೆ ಕಾಯುತ್ತವೆ. ಅಂಥ ಮೆಕ್ಯಾನಿಕ್ಕು ನಾನು. ಆಸ್ಪತ್ರೆಯ ಲಿಫ್ಟಿನ ಬ್ರೇಕು ಸವೆದಿದ್ದರೂ ನಮ್ಮ ಕಂಪನಿ ‘ಎಲ್ಲ ಸರಿಯಿದೆ’ ಎಂದು ಬರೆದು ಕೈತೊಳೆದುಕೊಂಡಿದೆ ಅಂತ ಸರ್ಕಾರದ ಇನ್‌ಸ್ಪೆಕ್ಟರಿಗೆ ದೂರು ಕೊಟ್ಟವನೂ ನಾನೇ.

ಆಮೇಲೆ ಕಂಪನಿ ನನಗೆ ಮಾಡಿದ ಸನ್ಮಾನ ರಾಜಮಹಾರಾಜರಿಗೂ ಆಗಿರಲಿಕ್ಕಿಲ್ಲ. ಪಾಪ, ಭಾರ ಹೊರಬಾರದೆಂದು ನನ್ನ ಸಲಕರಣೆ ಚೀಲವನ್ನೇ ಕಿತ್ತುಕೊಂಡರು. ನೆಲಮಾಳಿಗೆಯಲ್ಲಿ, ಜನರೇಟರ್ ಪಕ್ಕ, ಇಡೀ ಕೋಣೆಯೊಂದನ್ನು ನನಗೊಬ್ಬನಿಗೇ ಬಿಟ್ಟುಕೊಟ್ಟರು. ಕುರ್ಚಿಯಿತ್ತು, ಮೇಜಿಲ್ಲ, ಕೆಲಸವೂ ಇಲ್ಲ. ಜೊತೆಯವರಿಗೆ ನನ್ನ ಮೇಲೆ ಎಂಥ ಗೌರವವೆಂದರೆ, ಎದುರಿಗೆ ಕಂಡರೆ ಗೋಡೆಯತ್ತ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಊಟಕ್ಕೆ ನಾನು ಕೂತರೆ ಬೆಂಚು ಪೂರ್ತಿ ನನಗೇ.

ನನ್ನ ಮನಃಶಾಂತಿಗೆಂದು ಮ್ಯಾನೇಜರು ಶಿಬಿರವನ್ನೂ ಏರ್ಪಡಿಸಿದ. ಶಿಬಿರಾರ್ಥಿ ನಾನೊಬ್ಬನೇ. ಮೂಗಿನಲ್ಲಿ ಉಸಿರು ಎಳೆಸಿ, ಬಾಯಲ್ಲಿ ಬಿಡಿಸಿ, ಮೆಲ್ಲಗೆ ಹೇಳಿದ: “ನಿಮ್ಮ ತಲೆ ಸರಿಯಿಲ್ಲ ಅಂತ ಎಲ್ಲರೂ ಮಾತಾಡ್ಕೊಳ್ತಿದ್ದಾರೆ. ದೂರು ವಾಪಸ್ ತಗೊಳ್ಳಿ, ಮನಸ್ಸು ಹಗುರ ಆಗತ್ತೆ.”

“ನನ್ನ ಮನಸ್ಸು ಹತ್ತಿಗಿಂತ ಹಗುರ ಸಾರ್,” ಎಂದು ಎದ್ದು ಬಂದೆ.

ಮನೆಯಲ್ಲೂ ಅದೇ ಪ್ರತಾಪ. ನನ್ನ ಅಕ್ಕ ಬಸ್ ಕಂಡಕ್ಟರ್. ಟಿಕೆಟ್ ತಗೊಳ್ಳದವನನ್ನು ಬೆನ್ನು ನೋಡಿಯೇ ಹಿಡಿಯುವವಳು. “ಹೊಸ ಕೋಣೆ ಹೇಗಿದೆಯೋ?” ಅಂದಳು.

“ಗಾಳಿ ಬೆಳಕು ಅಂದ್ರೆ ಅದು! ಮಾತಾಡ್ಸೋಕೆ ಬರೋರ ಕಾಟ ಮಾತ್ರ ತಡೆಯೋಕಾಗ್ತಿಲ್ಲ ಅಕ್ಕಾ.”

ಮೊನ್ನೆ ಬೆಳಿಗ್ಗೆ ಸಿಕ್ಕಿಬಿದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಲಿಫ್ಟಿನ ಅಡಿಯ ಹೊಂಡಕ್ಕೆ ಇಳಿದವನು “ಕ್ಲಿಯರ್?” ಎಂದು ಕೂಗಬೇಕು, ಮೇಲಿದ್ದವನು “ಕ್ಲಿಯರ್” ಎನ್ನಬೇಕು. ಉತ್ತರ ಬರುವ ಮುಂಚೆ ಕದಲಿದರೆ ಪ್ರಾಣಕ್ಕೇ ಸಂಚಕಾರ. ಅವತ್ತು ಸ್ನಾನ ಮುಗಿಸಿ, ಬಚ್ಚಲಮನೆಯೊಳಗಿಂದ “ಕ್ಲಿಯರ್?” ಎಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಮೈ ಒಣಗಿತು, ಟವೆಲ್ಲೂ ಒಣಗಿತು, ಚಿಲಕಕ್ಕೆ ಕೈ ಮಾತ್ರ ಹೋಗಲಿಲ್ಲ.

“ಲೋ, ಒಳಗೇನು ಸಂಸಾರ ಹೂಡಿದೀಯಾ?” ಅಕ್ಕ ಬಾಗಿಲು ಬಡಿದಳು.

“ಉತ್ತರ ಬರಲಿ ಅಂತ ಕಾಯ್ತಿದೀನಿ.”

“ಯಾರದು?”

ನಾನು ಒಳಗಿಂದ ಇನ್ನೊಮ್ಮೆ “ಕ್ಲಿಯರ್?” ಎಂದೆ.

ಅಕ್ಕನ ದನಿ ತಗ್ಗಿತು. “ಅಲ್ಲಿ ಯಾರೂ ನಿನ್ನ ಮಾತಾಡಿಸ್ತಿಲ್ಲ, ಅಲ್ವೇನೋ? ರಾತ್ರಿ ನಿದ್ದೇನೂ ಮಾಡ್ತಿಲ್ಲ ನೀನು. ಕ್ಲಿಯರ್ ಕಣೋ, ಬಾ ಹೊರಗೆ. ಮನಸ್ಸಿನ ಡಾಕ್ಟರ್ ಹತ್ರ ಹೋಗೋಣ.”

ಹೊರಗೆ ಬಂದೆ. “ಬೇಡ ಅಕ್ಕಾ. ಹೋದ್ರೆ ಕಂಪನಿಯವ್ರು ‘ನೋಡಿ, ಇವನೂ ಹುಚ್ಚ, ಇವನ ದೂರೂ ಹುಚ್ಚು’ ಅಂತಾರೆ. ಆ ಲಿಫ್ಟಲ್ಲಿ ದಿನಾ ರೋಗಿಗಳು ಓಡಾಡ್ತಾರೆ.”

“ಅಯ್ಯೋ ಪೆದ್ದೇ, ನಿನಗೆ ನಿದ್ದೆ ಬಂದ್ರೂ ಬರದಿದ್ರೂ ಆ ಬ್ರೇಕ್ ಸವೆದಿರೋದು ಸವೆದೇ ಇದೆ. ಇನ್‌ಸ್ಪೆಕ್ಟರ್ ನೋಡೋದು ಬ್ರೇಕನ್ನ, ನಿನ್ನ ತಲೇನಲ್ಲ. ಅವರು ಬರೋವರೆಗೆ ನೀನು ನೆಟ್ಟಗೆ ನಿಂತಿರ್ಬೇಕು ತಾನೇ?”

ಕ್ಲಿನಿಕ್ಕಿಗೆ ಅವಳೇ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು.

“ಏನು ತೊಂದರೆ?” ಆ ಕಡೆಯಿಂದ ಹೆಂಗಸೊಬ್ಬರು ಕೇಳಿದರು.

“ನನಗೇನಿಲ್ಲ ಮೇಡಂ, ನಮ್ಮ ಅಕ್ಕನಿಗೆ ಸ್ವಲ್ಪ...”

ಅಕ್ಕ ತೋಳು ಚಿವುಟಿದಳು.

“ನನಗೇ ಮೇಡಂ,” ಎಂದೆ. “ನಿದ್ದೆ ಬರ್ತಿಲ್ಲ. ಇಡೀ ದಿನ ಒಬ್ಬನೇ ಕೂತಿರ್ತೀನಿ, ಯಾರೂ ಮಾತಾಡಲ್ಲ. ಎಲ್ಲಾ ಚೆನ್ನಾಗಿದೆ ಅಂತ ಮನೇಲಿ ಸುಳ್ಳು ಹೇಳ್ಕೊಂಡು ತಿರುಗ್ತಿದ್ದೆ. ಭಯ ಆಗತ್ತೆ. ಇವತ್ತೇ ಬರಬಹುದಾ?”